ಗೊರ್ಯೊ ಭಾವನ ಡಬ್ಬಿ

ಎರಡು ತಿಂಗಳಿಂದ ಡೆಲ್ಫಿನ್‌ಗೆ ಇಸ್ಪೀಟಿನ ಒಳ್ಳೆಯ ಎಲೆ ಬೀಳುತ್ತಿರಲಿಲ್ಲ. ಆನ್‌ಲೈನ್ ಪೋಕರ್‌ನಲ್ಲಿ ಮೊದಲು ಕೈಗೆ ಬರುವುದು ಎರಡೇ ಎಲೆ. ಅವೆರಡನ್ನು ನೋಡಿಯೇ ಆಡುವುದೋ ಒಗೆಯುವುದೋ ತೀರ್ಮಾನಿಸಬೇಕು. ಅವನಿಗೆ ಏಳು-ಎರಡು ಬರುತ್ತಿತ್ತು, ಒಂಬತ್ತು-ಮೂರು ಬರುತ್ತಿತ್ತು, ಮತ್ತೆ ಏಳು-ಎರಡೇ ವಕ್ಕರಿಸುತ್ತಿತ್ತು. ಒಗೆಯುತ್ತಿದ್ದ. ಅವನ ಜೊತೆ ಈ ದಂಧೆಗಿಳಿದವರೆಲ್ಲ ಬೇಸತ್ತು, ಸಿಕ್ಕಿದ ಎಲೆಯನ್ನೇ ಆಡಿ ಮುಳುಗಿಹೋದರು. ಡೆಲ್ಫಿನ್ ಮುಳುಗಲಿಲ್ಲ. ಇಲೊಯ್ಲೊ ಪಟ್ಟಣದ ಮೊಲೊ ಓಣಿಯ ಬಾಡಿಗೆ ಕೋಣೆಯಲ್ಲಿ, ಕಿರಗುಟ್ಟುವ ಫ್ಯಾನಿನ ಕೆಳಗೆ ಕೂತು ಒಗೆದ, ಒಗೆದ, ಒಗೆಯುತ್ತಲೇ ಇದ್ದ. ತಾಳಿದವನು ಬಾಳಿಯಾನು ಅನ್ನುತ್ತಾರೆ. ಬಾಳುವುದು ಹಾಗಿರಲಿ, ತಾಳುವುದನ್ನಂತೂ ಅವನು ಚೆನ್ನಾಗಿ ಕಲಿತಿದ್ದ.

ಇರುವ ಆಸ್ತಿ ಅದೊಂದೇ. ಅದನ್ನು ಆಸ್ತಿಯೆಂದು ಒಪ್ಪದವಳು ಅಕ್ಕ ಪೆರ್ಲಿಟಾ. ತಾಯಿ ಸತ್ತಾಗ ಇವನಿನ್ನೂ ಚಡ್ಡಿಯ ಹುಡುಗ. ಅಕ್ಕ ಮತ್ತು ಅವಳ ಗಂಡ ಗೊರ್ಯೊ ಸೇರಿ ಸಾಕಿದರು. ಗೊರ್ಯೊ ಊರೊಳಗೆ ಜನರನ್ನು ಸಾಗಿಸುವ ಜೀಪ್ನಿ ಓಡಿಸುತ್ತಿದ್ದ. ಸವಾರಿ ಇಲ್ಲದ ಹೊತ್ತಿನಲ್ಲಿ ಹಿಂದಿನ ಸೀಟಿನ ಮೇಲೆ ಎಲೆ ಹರಡಿ ಇವನಿಗೆ ಆಟ ಕಲಿಸಿದವನೇ ಅವನು.

"ತಲೆ ನೆರೀತಾ ಬಂತು, ಇನ್ನೂ ಇಸ್ಪೀಟು ಹಿಡ್ಕೊಂಡು ಕೂತಿದ್ದಾನೆ" ಎಂದು ಅಕ್ಕ ಕಂಡಾಗಲೆಲ್ಲ ಚುಚ್ಚುತ್ತಿದ್ದಳು.

"ಇದೂ ಕೆಲಸಾನೇ ಅಕ್ಕ."

"ಕೆಲಸ ಆಗಿದ್ರೆ ಬೆವರೆಲ್ಲೋ?"

"ಫ್ಯಾನ್ ಹಾಕ್ಕೊಂಡು ಕೂತಿರ್ತಾನೆ ಕಣೇ, ಬೆವರೆಲ್ಲಿಂದ ಬರಬೇಕು!" ಎಂದು ಗೊರ್ಯೊ ನಗಾಡಿ ಮಾತು ಮುಗಿಸುತ್ತಿದ್ದ. ಹಾಗೆ ನಗಾಡಿ ಮುಗಿಸಲು ಇನ್ನು ಯಾರೂ ಇಲ್ಲ. ಹೋದ ವಾರ ಜೀಪ್ನಿಯ ಸ್ಟೇರಿಂಗ್ ಮೇಲೆ ತಲೆಯಿಟ್ಟ ಗೊರ್ಯೊ ಮತ್ತೆ ಎದ್ದಿರಲಿಲ್ಲ.

ಶವಪೆಟ್ಟಿಗೆಯನ್ನು ಅಕ್ಕನ ಮನೆಯ ಮುಂದಿನ ಕೋಣೆಯಲ್ಲಿಟ್ಟು ವಾರವಾಗುತ್ತಾ ಬಂದಿತ್ತು. ಮಾರನೆಯ ದಿನ ಮಣ್ಣು. ಅಂಗಳದ ಶಾಮಿಯಾನದಡಿ ಮೇಜು ಹಾಕಿ, ಸಾವಿನ ಮನೆಯ ಪದ್ಧತಿಯಂತೆ ಊರವರು ಹಗಲೂ ರಾತ್ರಿ ಎಲೆ ಹಂಚುತ್ತಿದ್ದರು. ಒಂದೊಂದು ಆಟದ ಪಣದ ಗುಡ್ಡೆಯಿಂದಲೂ ಮನೆಯವರಿಗೊಂದು ಪಾಲು. ಅದು ಬೀಳುವುದು ಮುಚ್ಚಳಕ್ಕೆ ಸೀಳು ಕೊಯ್ದ ಹಾಲುಪುಡಿಯ ಡಬ್ಬಿಗೆ. ಗೊರ್ಯೊಗೆ ಇಷ್ಟವೆಂದು ಅಲ್ಲಿ ಆಡುತ್ತಿದ್ದುದೂ ಪೋಕರ್ರೇ.

ಡೆಲ್ಫಿನ್ ಬಿಸ್ಕತ್ತಿನ ತಟ್ಟೆ ಹಿಡಿದು ಓಡಾಡುತ್ತಿದ್ದ. ಆ ಮಧ್ಯಾಹ್ನ ಅಕ್ಕ ತಟ್ಟೆ ಕಸಿದುಕೊಂಡಳು.

"ಹೋಗು, ಕೂತ್ಕೊ. ನಿನ್ ಭಾವ ಸಾಯೋವರೆಗೂ ನಿನ್ನ ಪರವಾಗೇ ಮಾತಾಡ್ದ. ನೀನು ಮಾಡೋದೇನು ಅಂತ ಒಂದ್ಸಲ ನಾನೂ ಕಣ್ಣಾರೆ ನೋಡ್ತೀನಿ."

ಇಷ್ಟು ವರ್ಷ ಅವನು ಕಾದಿದ್ದ ಮಾತು ಅದು. ಅಕ್ಕ ಕಾಫಿಯ ಲೋಟ ಹಿಡಿದು ಅವನ ಬೆನ್ನಿಗೇ ಬಂದು ನಿಂತಳು. ಇವತ್ತು ತೋರಿಸಬೇಕು, ಇದು ಸೋಮಾರಿಯ ಆಟವಲ್ಲ, ಎದೆ ಗಟ್ಟಿಯಿದ್ದವನ ಕೆಲಸ ಎಂದು ಇವತ್ತು ಇವಳಿಗೆ ತಿಳಿಯಬೇಕು ಎಂದುಕೊಂಡ.

ಮೊದಲ ಎಲೆ ಎಂಟು-ಮೂರು. ಒಗೆದ. ಆಮೇಲೆ ಒಂಬತ್ತು-ನಾಲ್ಕು. ಅದನ್ನೂ ಒಗೆದ. ಆನ್‌ಲೈನಿನ ದರಿದ್ರ ಇಲ್ಲಿಗೂ ಹಿಂಬಾಲಿಸಿ ಬಂದಿತ್ತು. ಎದುರಿಗೆ ಟ್ರೈಸಿಕಲ್ ಓಡಿಸುವ ಬುಡೊಯ್ ಎಲೆಯನ್ನು ನೋಡದೆಯೇ ದುಡ್ಡು ತಳ್ಳುತ್ತಿದ್ದ. ಮೀನು ಮಾರುವ ಚೊಲೆಂಗ್ ಅತ್ತೆ ಕಲ್ಲಂಗಡಿ ಬೀಜ ಉಗುಳುತ್ತಾ, ಕೆಲಸಕ್ಕೆ ಬಾರದ ಎಲೆ ಹಿಡಿದು ಪಣ ಏರಿಸುತ್ತಿದ್ದಳು.

"ಐದು-ಎರಡಕ್ಕೆ ಯಾರಾದ್ರೂ ನೂರು ಪೆಸೊ ಹಾಕ್ತಾರಾ ಅತ್ತೆ?" ಡೆಲ್ಫಿನ್ ತಡೆಯಲಾರದೆ ಕೇಳಿದ.

"ನಾನು ಹಾಕ್ತೀನಪ್ಪ. ನಿನ್ ಭಾವ ನನ್ನ ಮೀನಿನ ಬುಟ್ಟಿಗೆ ಒಂದು ದಿನಾನೂ ಬಾಡಿಗೆ ಕೇಳ್ಲಿಲ್ಲ."

"ನೀನೇನೋ ಕೊಕ್ಕರೆ ಥರ ಕೂತಿದೀಯ?" ಎಂದ ಬುಡೊಯ್. "ಒಂದು ಕೈ ಆಡೋ ಮಾರಾಯ, ಡಬ್ಬಿ ಹಸ್ಕೊಂಡಿದೆ."

ಡೆಲ್ಫಿನ್ ನಕ್ಕು ಮತ್ತೆ ಒಗೆದ. ಇದಕ್ಕೇ ತಾಳ್ಮೆ ಅನ್ನುವುದು, ನೋಡುತ್ತಿರಲಿ ಅಕ್ಕ ಎಂದು ಒಳಗೊಳಗೇ ಬೀಗಿದ. ಬೆನ್ನ ಹಿಂದೆ ಅವಳು ಸದ್ದಿಲ್ಲದೆ ನಿಂತಿದ್ದಳು. ಆ ಸದ್ದಿಲ್ಲದಿರುವಿಕೆಯನ್ನು ಮೆಚ್ಚುಗೆಯೆಂದು ತಿಳಿದ, ಪೆದ್ದ. ಎರಡು ತಾಸು ಕಳೆದರೂ ಅವನ ಕಡೆಯಿಂದ ಡಬ್ಬಿಗೆ ಒಂದು ಬಿಲ್ಲೆಯೂ ಬಿದ್ದಿರಲಿಲ್ಲ.

ಆಮೇಲೆ ಎರಡು ಎಕ್ಕ ಬಂದವು.

ಆಟದಲ್ಲಿ ಅದಕ್ಕಿಂತ ಒಳ್ಳೆಯ ಜೋಡಿಯಿಲ್ಲ; ಎರಡು ತಿಂಗಳಲ್ಲಿ ಮೊದಲ ಸಲ. ಅವನ ಕಿವಿ ಬಿಸಿಯಾಯಿತು, ಮುಖ ಮಾತ್ರ ಅಲುಗಲಿಲ್ಲ. ಮೆಲ್ಲಗೆ ಪಣ ಕಟ್ಟಿದ. ಬುಡೊಯ್ ಹಾಕಿದ, ಚೊಲೆಂಗ್ ಅತ್ತೆ ಹಾಕಿದಳು, ಬೀದಿಯ ಕೊನೆಯ ಕ್ಷೌರಿಕನೂ ಹಾಕಿದ. ಅವನು ಏರಿಸಿದಷ್ಟೂ ಅವರು ನಗುನಗುತ್ತಾ ಹಾಕಿದರು. ಕೊನೆಗೆ ಎಲೆ ತೆರೆದಾಗ ಮೇಜಿನ ಮೇಲಿದ್ದ ದುಡ್ಡೆಲ್ಲ ಅವನದು.

"ಭೇಷ್! ಡಬ್ಬಿಗೆ ಹಬ್ಬ" ಎನ್ನುತ್ತಾ ಬುಡೊಯ್ ಗುಡ್ಡೆಯಿಂದ ಒಂದು ಹಿಡಿ ನೋಟೆತ್ತಿ ಸೀಳಿನೊಳಗೆ ತುರುಕತೊಡಗಿದ.

ಡೆಲ್ಫಿನ್ ಅವನ ಮಣಿಕಟ್ಟು ಹಿಡಿದ.

"ಏಯ್, ಅಷ್ಟೊಂದು ಯಾಕೆ? ಪಾಲಿಗೂ ಒಂದು ಮಿತಿ ಇರುತ್ತೆ. ಆನ್‌ಲೈನಲ್ಲಿ ಗುಡ್ಡೆ ಎಷ್ಟೇ ದೊಡ್ಡದಾದ್ರೂ ಇಷ್ಟಕ್ಕಿಂತ ಮುಟ್ಟಂಗಿಲ್ಲ ಅಂತ ಇರುತ್ತೆ." ಹೇಳುತ್ತಲೇ ಸೀಳಿನಲ್ಲಿ ಅರ್ಧ ಇಳಿದಿದ್ದ ನೋಟುಗಳನ್ನು ಎಳೆದು ತನ್ನ ಗುಡ್ಡೆಗೆ ಸೇರಿಸಿಕೊಂಡ.

ಪದ್ಧತಿ ಅವನಿಗೆ ಗೊತ್ತಿಲ್ಲದ್ದೇನಲ್ಲ, ಅದೇ ಊರಿನಲ್ಲಿ ಹುಟ್ಟಿ ಬೆಳೆದವನು. ಆದರೆ ಎಂಟು ವರ್ಷ ಪರದೆಯ ಮುಂದೆ ಕೂತು ಆಟ ನಡೆಸುವ ಕಂಪನಿ ಪ್ರತಿ ಗುಡ್ಡೆಯಿಂದ ಕತ್ತರಿಸುವ ಪಾಲಿಗೆ ಹೊಟ್ಟೆ ಉರಿದುಕೊಂಡ ಕೈ, ಇದು ಯಾರ ಡಬ್ಬಿ ಎಂದು ಕೇಳದೆಯೇ ಚಾಚಿತ್ತು.

ಚೊಲೆಂಗ್ ಅತ್ತೆ ಬಾಯಲ್ಲಿದ್ದ ಬೀಜ ಉಗುಳಿದಳು. "ಸತ್ತೋರ ಮನೇಲಿ ಯಾರಾದ್ರೂ ಗೆಲ್ಲೋಕೆ ಆಡ್ತಾರೇನೋ? ನಾವೆಲ್ಲ ಎಲೆ ನೋಡದೆ ದುಡ್ಡು ಹಾಕ್ತಿದ್ದದ್ದು ನಮಗೆ ಆಟ ಬರಲ್ಲ ಅಂತಾನಾ? ಉಂಡೂ ಹೋದ, ಕೊಂಡೂ ಹೋದ ಅನ್ನೋದು ನಿನ್ನಂಥವರಿಗೇ."

ಡೆಲ್ಫಿನ್ ಗುಡ್ಡೆಯನ್ನೆಲ್ಲ ಬಾಚಿ ಡಬ್ಬಿಗೆ ತುಂಬತೊಡಗಿದ. ಅವಸರಕ್ಕೆ ನೋಟುಗಳು ಸೀಳಿನಲ್ಲಿ ಮಡಚಿಕೊಂಡವು, ಬಿಲ್ಲೆಗಳು ನೆಲಕ್ಕುರುಳಿದವು. ಹಿಂದಿನಿಂದ ಪೆರ್ಲಿಟಾ ಬಂದು ಡಬ್ಬಿಯನ್ನು ಎತ್ತಿಕೊಂಡಳು. ಸಿಕ್ಕಿಕೊಂಡಿದ್ದ ನೋಟುಗಳನ್ನು ಬಿಡಿಸಿ, ಮಡಿಕೆ ನೀವಿ, ಅವನ ಅಂಗಿಯ ಜೇಬಿಗೆ ಇಟ್ಟಳು.

"ಅಕ್ಕ, ತಪ್ಪಾಯ್ತು. ಬೇಡ."

"ಇಟ್ಕೋ. ಎರಡು ಗಂಟೆ ನಿಂತು ನೋಡ್ದೆ. ನಾನೇ ತಪ್ಪು ತಿಳ್ಕೊಂಡಿದ್ದೆ, ಇದು ಕೆಲಸಾನೇ ಕಣೋ. ಕೆಲಸ ಮಾಡಿದೀಯ, ಸಂಬಳ ತಗೋ."

ಬೈದಿದ್ದರೆ ಚೆನ್ನಾಗಿತ್ತು. ಕಪಾಳಕ್ಕೆ ಬಾರಿಸಿದ್ದರೆ ಇನ್ನೂ ಚೆನ್ನಾಗಿತ್ತು. ಅವಳು ಸೂತಕದ ಕಪ್ಪು ಅಂಗಿಯ ತೋಳಿನಿಂದ ಡಬ್ಬಿಯ ಮುಚ್ಚಳ ಒರೆಸಿದಳು, ಮತ್ತೆ ಮೇಜಿನ ಮೇಲಿಟ್ಟಳು.

"ಹೊರಡು. ದಾರೀಲಿ ಎಲ್ಲಾದ್ರೂ ಸ್ವಲ್ಪ ಹೊತ್ತು ನಿಂತು ಆಮೇಲೆ ಮನೆಗೆ ಹೋಗು."

ಡೆಲ್ಫಿನ್ ಅವಳ ಮುಖವನ್ನೇ ನೋಡಿದ. ದಾರಿಯಲ್ಲಿ ನಿಂತು ಹೋದರೆ ಸತ್ತವರು ಬೆನ್ನು ಹಿಡಿದು ಮನೆಗೆ ಬರುವುದಿಲ್ಲವಂತೆ; ಸಾವಿಗೆ ಬಂದ ಹೊರಗಿನವರಿಗೆ ಹೇಳಿ ಕಳಿಸುವ ಮಾತು ಅದು. ಬುಡೊಯ್‌ಗೆ ಹೇಳುತ್ತಾರೆ, ಕ್ಷೌರಿಕನಿಗೆ ಹೇಳುತ್ತಾರೆ. ಆ ಮನೆಯ ಮಗನಿಗೆ ಯಾರೂ ಹೇಳುವುದಿಲ್ಲ. ಅಕ್ಕ ಆಗಲೇ ತಿರುಗಿ ಒಳಗೆ ಹೋಗಿದ್ದಳು. ಸಾವಿಗೆ ಬಂದವರನ್ನು ಮನೆಯವರು ಬಾಗಿಲವರೆಗೆ ಬಂದು ಕಳಿಸುವ ವಾಡಿಕೆಯೂ ಇಲ್ಲ.

ಅವನು ಎಲ್ಲಿಯೂ ನಿಲ್ಲಲಿಲ್ಲ. ಬೇಕರಿಯ ಮುಂದೆ ಗುರುತಿನವರು ಕೂಗಿದರೂ ನಿಲ್ಲಲಿಲ್ಲ. ಬರಲಿ, ಭಾವ ಬೆನ್ನು ಹಿಡಿದೇ ಬರಲಿ, ನಾನೇನು ಹೊರಗಿನವನೇ ಎಂದು ಗೊಣಗುತ್ತಾ ನೆಟ್ಟಗೆ ಕೋಣೆಗೆ ಬಂದ. ಕಂಪ್ಯೂಟರ್ ಹಾಕಲಿಲ್ಲ. ಬಾಗಿಲನ್ನು ಪೂರ್ತಿ ತೆರೆದಿಟ್ಟು ಅದಕ್ಕೆ ಮುಖ ಮಾಡಿ ಕೂತ.

ಕಾಯುವುದರಲ್ಲಿ ಅವನನ್ನು ಮೀರಿಸುವವರು ಊರಲ್ಲಿರಲಿಲ್ಲ. ಕತ್ತಲಾಗುವವರೆಗೂ ಕಾದ. ಒಳಗೆ ಬಂದದ್ದು ಸೊಳ್ಳೆಗಳು ಮಾತ್ರ.