ಕಾರಂಜಿಯ ಕೀಲಿ

ಪುಷ್ಪ ಪ್ರದರ್ಶನದ ಮೊದಲ ದಿನ ನೀರಿನವನ ಹೆಂಡತಿ ಟಿಕೆಟ್ ಕೊಂಡು ಉದ್ಯಾನದೊಳಗೆ ಬಂದಳು. ಹೂವು ನೋಡುವುದಕ್ಕಲ್ಲ. ಡೇಲಿಯಾ ಹೂಗಳಲ್ಲಿ ಮಾಡಿದ ನವಿಲಿನ ಮುಂದೆ ಜನ ಫೋಟೊಗೆ ಮುಗಿಬಿದ್ದಿದ್ದರು. ಅವಳು ನೆಟ್ಟಗೆ ಕಾರಂಜಿಗಳ ಕಡೆ ನಡೆದಳು. ನೂರೈವತ್ತು ವರ್ಷ ಹಳೆಯ ಆ ಕಲ್ಲಿನ ಕಾರಂಜಿಗಳಿಗೆ ನೀರು ಬಿಡುತ್ತಿದ್ದವನು ಅವಳ ಗಂಡ. ನೀರು ಮೊದಲು ನೆಲದಡಿಯ ತೊಟ್ಟಿ ತುಂಬಿ ಆಮೇಲೆ ಚಿಮ್ಮಬೇಕು. ಹೋದ ವರ್ಷ ಇದೇ ದಿನ ಆ ತೊಟ್ಟಿಯ ಕಸ ತೆಗೆಯುತ್ತಿದ್ದಾಗ ನೀರು ನುಗ್ಗಿ ಸತ್ತ. ಕಚೇರಿಯವರು ಕಾಲು ಜಾರಿ ಸತ್ತ ಎಂದು ಬರೆದು ಕೈತೊಳೆದುಕೊಂಡರು.

ಆ ಕೆಲಸಕ್ಕೆ ಈಗ ಅವಳ ತಮ್ಮ. ಆ ದಿನ ಭಾವನ ಜೊತೆಗಿದ್ದವನೂ ಅವನೇ. ವರ್ಷವಿಡೀ ಅಕ್ಕನ ಮನೆ ಕಡೆ ತಲೆಹಾಕಿರಲಿಲ್ಲ.

ಅವನು ತೊಟ್ಟಿಯ ಮುಚ್ಚಳ ಸರಿಸಿ ಪ್ಯಾಂಟು ಮಡಚುತ್ತಿದ್ದ. "ಬಂದ್ಯಾ? ಮುಖ್ಯ ಅತಿಥಿ ಬರೋದು ಹನ್ನೊಂದಕ್ಕೆ, ಅಷ್ಟರಲ್ಲಿ ಕಾರಂಜಿ ಚಿಮ್ಮಬೇಕು. ಕೊಳವೆ ಬಾಯಿ ಕಟ್ಕೊಂಡಿದೆ."

"ಒಂದು ವರ್ಷದಿಂದ ನಿನ್ನ ಬಾಯೂ ಹಾಗೇ ಇದೆ. ಮೇಲಿಂದ ಯಾರೂ ನೀರು ಬಿಡದ ಹಾಗೆ ಇಳಿಯೋನೇ ಕೀಲಿ ಸೊಂಟಕ್ಕೆ ಕಟ್ಕೋಬೇಕು. ನಿನ್ನ ಭಾವ ಊಟ ಮರೆತ್ರೂ ಅದನ್ನ ಮರೀತಿರಲಿಲ್ಲ. ಅವತ್ತು ಅದು ಯಾರ ಕೈಲಿತ್ತು?"

ತಮ್ಮ ಸೊಂಟದ ಕೀಲಿ ಬಿಚ್ಚಿದ. ನೀರಿನ ವಾಲ್ವ್ ತಿರುಗಿಸುವ, ಮೊಳದುದ್ದದ ಕಬ್ಬಿಣ. ಅವಳ ಕೈಗಿಟ್ಟ.

"ಹಿಡ್ಕೊಂಡಿರು. ಬಂದು ಹೇಳ್ತೀನಿ." ಇಳಿದುಬಿಟ್ಟ.

ಹತ್ತು ನಿಮಿಷವೂ ಆಗಿರಲಿಲ್ಲ, ಗೇಟಿನ ಕಡೆ ಬ್ಯಾಂಡು ಬಾರಿಸಿತು. ಮೇಲ್ವಿಚಾರಕ ಏದುಸಿರು ಬಿಡುತ್ತ ಬಂದ.

"ಅತಿಥಿ ಬೇಗ ಬಂದ್ಬಿಟ್ರು. ಕೀಲಿ ನಿಮ್ಮ ಹತ್ರ ಇದೆಯಾ? ತಿರುಗಿಸಿ ಅಮ್ಮ."

"ಒಳಗೆ ನನ್ನ ತಮ್ಮ ಇದ್ದಾನೆ."

"ಗೊತ್ತು. ತುಂಬೋಕೆ ಐದು ನಿಮಿಷ ಬೇಕು. ಸದ್ದು ಕೇಳಿದ್ರೆ ತಾನೇ ಹತ್ತಿ ಬರ್ತಾನೆ."

"ನನ್ನ ಗಂಡ ಬರಲಿಲ್ಲ."

ಮೇಲ್ವಿಚಾರಕನಿಗೆ ಆಗ ಗುರುತು ಹತ್ತಿತು. ಶರ್ಟಿನ ಗುಂಡಿ ತಡವುತ್ತ ನಿಂತ.

ತೊಟ್ಟಿಯಿಂದ ತಮ್ಮನ ತಲೆ ಮೇಲೆ ಬಂತು. ಎಲ್ಲ ಕೇಳಿಸಿಕೊಂಡಿದ್ದ.

"ಅವತ್ತೂ ಇವರು ಇದೇ ಮಾತು ಹೇಳಿದ್ರು, ಅಕ್ಕ. ಸೊಂಟ ನೋವು, ಕೀಲಿ ಒತ್ತುತ್ತೆ ಅಂತ ಭಾವ ನನ್ನ ಕೈಗೆ ಕೊಟ್ಟು ಇಳಿದಿದ್ರು. ಇವರು ಹೇಳಿದ್ರು, ನಾನು ತಿರುಗಿಸಿದೆ."

ಅವನು ಹೊರಗೆ ಬರುವವರೆಗೂ ಅವಳು ಕೀಲಿ ಬಿಡಲಿಲ್ಲ. ಆಮೇಲೆ ಅವನ ಮುಂದೆ ಹಿಡಿದಳು.

"ತಿರುಗಿಸು."

"ಅಕ್ಕ..."

"ಈಗ ಒಳಗೆ ಯಾರೂ ಇಲ್ವಲ್ಲ. ತಿರುಗಿಸು, ನೋಡ್ತೀನಿ."

ಅವನು ತಿರುಗಿಸಿದ. ತೊಟ್ಟಿ ತುಂಬಿ ಕಾರಂಜಿಗಳು ಚಿಮ್ಮಿದವು. ಜನ ಚಪ್ಪಾಳೆ ತಟ್ಟಿದರು. ಅಕ್ಕ ಅತ್ತ ನೋಡಲಿಲ್ಲ, ಅವನು ತಿರುಗಿಸಿದಾಗಿನಿಂದ ತೊಟ್ಟಿಯೊಳಗೇ ನೋಡುತ್ತಿದ್ದಳು. ಹತ್ತಿ ಬರುವ ಮೆಟ್ಟಿಲುಗಳಲ್ಲಿ ಮೇಲಿನದೂ ಮುಳುಗಲು ಐದು ನಿಮಿಷ ಹಿಡಿದಿರಲಿಲ್ಲ. ಒಂದು ನಿಮಿಷವೂ ಹಿಡಿದಿರಲಿಲ್ಲ.