ಕೈ ಅದ್ದಿದ ನೀರು

“ಏನ್ಲೇ ಮುದ್ದ, ಬೋಳಿಮಗನೇ, ಕಾಯಿ ಸುಲೀತಿದೀಯೋ ತೊಟ್ಲು ತೂಗ್ತಿದೀಯೋ?”

ಸೋಮಶೇಖರಪ್ಪನವರು ಒದ್ದ ಕಾಯಿ ನನ್ನ ಮೊಣಕಾಲಿಗೆ ಬಡಿಯಿತು. ಸಖರಾಯಪಟ್ಟಣದ ಅವರ ತೋಟದಲ್ಲಿ, ನೆಲಕ್ಕೆ ನೆಟ್ಟ ಹಾರೆಗೆ ತೆಂಗಿನಕಾಯಿ ಚುಚ್ಚಿ ಸುಲಿಯುವುದು ನನ್ನ ಕೆಲಸ. ಅದು ಎಂಬತ್ತೆರಡನೇ ಇಸವಿ, ನನಗೆ ಇಪ್ಪತ್ತೊಂದು. ವರ್ಷದಿಂದ ಬಲಗೈ ಮಾತ್ರ ಸೊರಗುತ್ತಿತ್ತು. ಹೆಬ್ಬೆರಳ ಬುಡದ ಮಾಂಸ ಇಳಿದು ಗುಳಿ ಬಿದ್ದಿತ್ತು, ಚಳಿಯ ಬೆಳಿಗ್ಗೆ ಬೆರಳು ಬಿಚ್ಚುತ್ತಲೇ ಇರಲಿಲ್ಲ. ನೋವಿದ್ದಿದ್ದರೆ ಯಾರಾದರೂ ನಂಬುತ್ತಿದ್ದರೋ ಏನೋ. ಹಾಳಾದ್ದು, ನೋವೂ ಇರಲಿಲ್ಲ.

ಆ ವಾರ ಕುಷ್ಠರೋಗದ ಸರ್ವೆಗೆ ಬಂದವನು ದೂರದಿಂದಲೇ ಕೈ ನೋಡಿ ಹೆಸರು ಬರೆದುಕೊಂಡ. ಮುಟ್ಟಿ ಕೂಡ ನೋಡಲಿಲ್ಲ. ನಾನು ಸುಲಿದ ಕಾಯಿ ಪೂಜೆಗೆ ಬೇಡವೆಂದು ಸೋಮಶೇಖರಪ್ಪನವರು ಬೇರೆ ರಾಶಿ ಹಾಕಿಸಿದರು. ಕೊಬ್ಬರಿ ಮಾಡಿ ಮಾರಲು ಅಡ್ಡಿಯಿರಲಿಲ್ಲ. ಆಳುಗಳ ನೀರಿನ ಮಡಕೆ ನಾನು ಮುಟ್ಟುವಂತಿಲ್ಲ. ನನ್ನ ಬೊಗಸೆಗೆ ಮೇಲಿಂದ ನೀರು ಹುಯ್ಯುತ್ತಿದ್ದವಳು ಅದೇ ತೋಟದಲ್ಲಿ ಕೂಲಿಗಿದ್ದ ನನ್ನ ಹೆತ್ತವ್ವ, ಕೆಂಚಮ್ಮ.

ತಿಂಗಳು ತಡೆದೆ. ಆಮೇಲೆ ಕಡೂರಿನ ಆಸ್ಪತ್ರೆಗೆ ಹೋದೆ. ಡಾಕ್ಟರು ನನ್ನ ಕಣ್ಣು ಮುಚ್ಚಿಸಿ ಒಂದೊಂದು ಬೆರಳಿಗೂ ಸೂಜಿ ತಾಗಿಸಿದರು. ತಾಗಿದಾಗಲೆಲ್ಲ ಹೇಳಿದೆ. ಕೈ ಚಾಚಿಸಿದಾಗ ಬೆರಳು ನಡುಗಿದವು.

“ಇದು ಕುಷ್ಠ ಅಲ್ಲಪ್ಪ. ಅದಾಗಿದ್ರೆ ಚುಚ್ಚಿದ್ದು ಗೊತ್ತಾಗ್ತಿರಲಿಲ್ಲ. ಇದು ನರದ್ದು. ನಿನ್ನ ವಯಸ್ಸಿನ ಹುಡುಗರಿಗೆ ಒಂದೇ ಕೈಗೆ ಬರುತ್ತೆ, ಕೆಲವು ವರ್ಷ ಸೊರಗಿ ನಿಂತುಬಿಡುತ್ತೆ. ಅಂಟಲ್ಲ.”

ಅವರು ಆ ಕೈಯನ್ನು ಹಿಡಿದೇ ಮಾತಾಡಿದರು. ನಾನು ಅತ್ತುಬಿಟ್ಟೆ.

ಅಂಟಲ್ಲ ಎಂದು ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಸೋಮಶೇಖರಪ್ಪನವರಿಗೆ ಚಾಚಿದೆ.

“ಅಲ್ಲೇ ಮಡಗೋ. ಬರ್ದೋನು ನಿನ್ ಜೊತೆ ಕುಂತು ಉಣ್ತಾನೇನೋ?”

ಆಳುಗಳು ನಕ್ಕರು. ನನ್ನವರೇ. ನಾನು ಮಡಕೆಯೊಳಗೆ ಬಲಗೈ ಇಳಿಸಿ, ಅಂಗೈಯಲ್ಲಿ ನೀರೆತ್ತಿ ಕುಡಿದೆ.

“ಬರ್ರೋ, ಕುಡೀರಿ! ಅಂಟಲ್ಲ ಅಂತ ಬರ್ದವ್ರೆ!”

ಬಿಸಿಲು ನೆತ್ತಿಗೇರಿತ್ತು. ಯಾರೂ ಏಳಲಿಲ್ಲ. ಕೊನೆಗೆ ಅವ್ವ ಬಂದಳು. ಕುಡಿಯುತ್ತಾಳೆ ಅಂದುಕೊಂಡೆ. ಅವಳು ಮಡಕೆ ಎತ್ತಿ ನೀರನ್ನೆಲ್ಲ ಮರದ ಬುಡಕ್ಕೆ ಸುರಿದಳು.

“ಹೋಗ್ಬಿಡು ಮಗಾ. ನನ್ ಕೂಲಿನೂ ಕಳೀಬ್ಯಾಡ.”

ಮಡಕೆ ಕಸಿದುಕೊಂಡು ಪಂಪ್‌ಸೆಟ್ಟಿನ ತೊಟ್ಟಿಗೆ ಹೋದೆ. ತುಂಬಿಸಿ, ಸೊಂಟಕ್ಕಿಟ್ಟು ತಂದು ಅದೇ ಜಾಗದಲ್ಲಿ ಇಳಿಸಿದೆ. ಎಲ್ಲರೂ ನೋಡುತ್ತಿದ್ದಂತೆ ಬಲಗೈ ಮತ್ತೆ ಅದ್ದಿದೆ.

“ಚೆಲ್ಲವ್ವ. ಎಷ್ಟ್ ಸಲ ಚೆಲ್ತೀಯೋ ಚೆಲ್ಲು.”