ಗುಡಿಯೊಳಗಿನ ನೋಟೀಸು

"ದೂರ ಸರೀಬೇ ಬೋಸುಡಿ, ವೈರು ಮೈಮ್ಯಾಲೆ ಬಿದ್ರ ಸುಟ್ಟು ಕರಕಲಾಗ್ತಿ."

ಕಂಬದ ಮೇಲಿನಿಂದ ಲೈನ್‌ಮನ್ ಬೈದ. ದುರುಗಮ್ಮ ಸರಿಯಲಿಲ್ಲ. ಅವನು ಕತ್ತರಿಸುತ್ತಿದ್ದದ್ದು ಕೇರಿಯ ನೀರಿನ ಮೋಟರಿನ ವೈರು. ಆ ಮೋಟರಿಗೆ ಕರೆಂಟು ಕೊಡುವ ಕರಾರಿಗೆ ಕೇರಿಯ ಹೆಂಗಸರ ಸಂಘದ ಪರವಾಗಿ ಹೆಬ್ಬೆಟ್ಟು ಒತ್ತಿದವಳೇ ಅವಳು. ಮನೆಯಲ್ಲಿ ಮಗಳು ಮಾಳಮ್ಮ ಹಸಿ ಬಾಣಂತಿ, ಕೊಡದಲ್ಲಿ ಹನಿ ನೀರಿಲ್ಲ.

"ನಾವೇನು ತಪ್ಪು ಮಾಡೀವ್ರಿ ಯಪ್ಪಾ?"

"ಈ ಲೈನು ಇನ್ಮ್ಯಾಲೆ ಗೌಡ್ರ ಮೆಕ್ಕೆಜೋಳದ ಮಿಷಿನ್ನಿಗೆ. ಸಾಹೇಬ್ರನ್ನ ಕೇಳ್ಹೋಗು."

ಬಾಣಂತಿಗೆ ನೀರು ಹಾಕಬೇಕಲ್ಲ, ಗೌಡ ಪಾಲಾಕ್ಷಪ್ಪನ ಹಿತ್ತಿಲಿಗೇ ಹೋದಳು. ಗೌಡ ಹಲ್ಲುಕಡ್ಡಿ ಆಡಿಸುತ್ತ ಎಮ್ಮೆಯ ಬಾನಿ ತೋರಿಸಿದ.

"ಎಮ್ಮಿ ಕುಡದು ಬಿಟ್ಟಿದ್ದೈತಿ, ತುಂಬಿಕ್ಯಾ."

"ಬಾಣಂತಿಗೆ ಬೇಕ್ರಿ ಗೌಡ್ರ."

"ನಿನ್ನ ಮಗಳೇನು ನಮ್ಮ ಎಮ್ಮಿಗಿಂತ ಹೆಚ್ಚೇನಬೇ? ಬ್ಯಾಡಾದ್ರ ಬಿಡು."

ದುರುಗಮ್ಮ ಬಗ್ಗಿದಳು, ತೇಲುತ್ತಿದ್ದ ಜೊಲ್ಲನ್ನು ಕೈಯಿಂದ ಸರಿಸಿ ತುಂಬಿಕೊಂಡಳು. ಇನ್ನೇನು ಮಾಡಿಯಾಳು? ಅದೇ ನೀರನ್ನು ಕಾಯಿಸಿ ತಾಯಿಗೂ ಕೂಸಿಗೂ ಹಾಕಿದಳು. ಯಾವ ನೀರೆಂದು ಮಗಳಿಗೆ ಹೇಳಲಿಲ್ಲ.

ಮರುದಿನ ಪಕ್ಕದ ಮನೆಯ ಕರಿಯಕ್ಕನನ್ನು ಕಟ್ಟಿಕೊಂಡು ಕರೆಂಟಾಫೀಸಿಗೆ ಹೋದಳು. ಸಾಹೇಬ ಪ್ರವೀಣಕುಮಾರ್ ಇಬ್ಬರನ್ನೂ ಬಾಗಿಲಲ್ಲೇ ನಿಲ್ಲಿಸಿದ.

"ಕರಾರು ಬದಲಾದ್ರ ಊರಾಗ ಜನ ಸೇರೋ ಜಾಗದಾಗ ನೋಟೀಸು ಹಚ್ಚಬೇಕಂತ ಷರತ್ತೈತಿ. ಬಸವಣ್ಣನ ಗುಡಿಯೊಳಗ ಹಚ್ಚಿಸೀವಿ. ತಿಂಗಳೊಳಗ ತಕರಾರು ಹೇಳ್ಲಿಲ್ಲಂದ್ರ ನೀವು ಒಪ್ಪಿದಂಗ."

"ಗುಡಿಯೊಳಗ ನಮ್ಮನ್ನ ಬಿಟ್ಕೊಳಂಗಿಲ್ಲಲ್ರಿ ಸಾಹೇಬ್ರ," ಎಂದಳು ದುರುಗಮ್ಮ.

"ಅದು ನಿಮ್ಮೂರ ಪದ್ಧತಿ. ಕರಾರಿನ್ಯಾಗ ಅದೇನೂ ಬರದಿಲ್ಲ. ನಾಳಿಗೆ ತಿಂಗಳು ತುಂಬತೈತಿ. ಓದಿ ಬಂದು ಯಾವ ಷರತ್ತಿಗೆ ತಕರಾರಂತ ಹೇಳು, ಬರ್ಕಂತೀನಿ. ನೋಟೀಸು ಓದಲಾರದ ಹೇಳಿದ ತಕರಾರು ನಾ ತಗಳಂಗಿಲ್ಲ."

"ತಿಂಗಳು ತುಂಬಿಲ್ಲಂದ್ರ ಮೊದ್ಲ ಯಾಕ ಕತ್ತರಿಸಿದ್ರಿ?" ಕರಿಯಕ್ಕ ಕೇಳಿದಳು.

"ಗೌಡ್ರಿಗೆ ಅವಸರ ಇತ್ತು," ಎಂದು ಸಾಹೇಬ ಫೋನು ಎತ್ತಿಕೊಂಡ.

ಇಬ್ಬರೂ ಬಸ್ಸಿಳಿದವರೇ ನೇರ ಗುಡಿಯ ಮುಂದೆ ಬಂದು ನಿಂತರು. ಪೂಜಾರಿ ಜಂಬಯ್ಯ ಒಳಗೆ ಕಸ ಹೊಡೆಯುತ್ತಿದ್ದ. ಅವನ ಹಿಂದಿನ ಗೋಡೆಯಲ್ಲೇ ನೋಟೀಸು ಕಾಣುತ್ತಿತ್ತು.

"ಅಯ್ಯಾರ, ಅದರಾಗೇನೈತಿ, ಸ್ವಲ್ಪ ಓದಿ ಹೇಳ್ರಿ. ನಾವು ಇಲ್ಲೇ ನಿಂತು ಕೇಳ್ತೀವಿ," ಎಂದಳು ದುರುಗಮ್ಮ ಹೊರಗಿನಿಂದಲೇ.

ಜಂಬಯ್ಯ ಕಟ್ಟೆಯ ಮೇಲೆ ಕೂತವರ ಕಡೆಗೊಮ್ಮೆ ನೋಡಿ ಕಣ್ಣು ಹೊಡೆದ. ಗೋಡೆಗೆ ಮುಖ ಮಾಡಿ, ಮಂತ್ರ ಹೇಳುವ ರಾಗದಲ್ಲಿ ಶುರು ಮಾಡಿದ.

"ಕೇರಿ ರಂಡೇರಿಗೆ ತಿಳಿಸೋದೇನಂದ್ರ, ನಿಮಗ ನೀರು ಬ್ಯಾಡ, ಗೌಡ್ರ ಉಚ್ಚಿ ಸಾಕು."

ಕಟ್ಟೆಯವರು ಬಿದ್ದು ಬಿದ್ದು ನಕ್ಕರು. ಒಬ್ಬನಂತೂ ಇನ್ನೊಮ್ಮೆ ಓದಿಸಿದ. ಜಂಬಯ್ಯ ಓದಿದ, ಈ ಸಲ ಮಾಳಮ್ಮನ ಹೆಸರನ್ನೂ ಸೇರಿಸಿ.

ದುರುಗಮ್ಮ ಸೆರಗು ಸಿಕ್ಕಿಸಿ ಹೊಸ್ತಿಲು ದಾಟಿದಳು.

ನಗು ನಿಂತಿತು. ಜಂಬಯ್ಯ ಕೈಗೆ ಸಿಕ್ಕ ಬಡಿಗೆಯಿಂದ ಬಾರಿಸಿದ. ಮೊದಲನೆಯದು ಭುಜಕ್ಕೆ, ಎರಡನೆಯದು ಹಣೆಗೆ. ಹುಬ್ಬಿನಿಂದ ರಕ್ತ ಇಳಿದು ಕಣ್ಣಿಗೆ ಹೋಯಿತು. ಅವಳು ಅದನ್ನು ಒರೆಸಿಕೊಂಡು ಗೋಡೆಯ ತನಕ ನಡೆದು, ನೋಟೀಸಿನ ಎದುರು ಚಕ್ಕಳಮಕ್ಕಳ ಹಾಕಿ ಕೂತಳು.

"ಹೊರಗ ನಡಿಬೇ ಹೊಲಸು ಮುಂಡಿ! ಗುಡಿ ಮೈಲಿಗಿ ಆತು!"

"ಓದಿಕ್ಯಂಡು ಬಾ ಅಂದಾರ ಸಾಹೇಬ್ರು. ಓದಾಕತ್ತೀನಿ," ಎಂದಳು ತಿರುಗಿ ನೋಡದೆ. "ನನಗ ಅಕ್ಷರ ಬರಂಗಿಲ್ಲ. ಭಾಳ ಹೊತ್ತು ಹಿಡೀತೈತಿ."

ಕಟ್ಟೆಯವರು ಕೋಲು ಹುಡುಕುತ್ತ ಎದ್ದರು. ಅವರ ನಡುವೆಯೇ ಹಾದು ಬಂದ ಕರಿಯಕ್ಕ ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು ಒಳಗೆ ಹೋಗಿ ಅವಳ ಮಗ್ಗುಲಲ್ಲಿ ಕೂತಳು.